ಪ್ಲಾನ್ ಆಮೇಲೆ, ಮೊದಲು ಸೆಕ್ಷನ್: ಆರ್ಕಿಟೆಕ್ಚರ್ ಕಲಿಯುವಾಗಿನ ನನ್ನ ಅನುಭವ

ಹೊಸದಾಗಿ ಆರ್ಕಿಟೆಕ್ಚರ್‌ಗೆ ಸೇರಿದ ಜೂನಿಯರ್ಸ್ ತುಂಬಾ ಜನ ಕೇಳ್ತಾರೆ, ಡಿಸೈನ್ ಎಲ್ಲಿಂದ ಶುರು ಮಾಡುದು, ಕಾನ್ಸೆಪ್ಟ್ ಹೇಗೆ ಹೊಳೀತದೆ ಅಂತ. ನಾನೀಗ ಬಿ.ಆರ್ಕ್ ಐದನೇ ವರ್ಷ, ಥೀಸಿಸ್ (ಕೊನೆಯ ವರ್ಷದ ಪ್ರಾಜೆಕ್ಟ್) ನಡೀತಾ ಉಂಟು, ಊರು ಉಡುಪಿ ಹತ್ರ. ನಾನು ಮಾಡುವ ಕ್ರಮ ಇಷ್ಟೇ, ಮೊದಲು ಸೆಕ್ಷನ್ ಬರೀತೇನೆ, ಅಂದ್ರೆ ಕಟ್ಟಡವನ್ನ ಮೇಲಿಂದ ಕೆಳಗೆ ಸೀಳಿದ್ರೆ ಕಾಣುವ ನೋಟ, ಆ ಸೆಕ್ಷನ್ ಮೇಲೆ ಮಳೆ ಬರೀತೇನೆ, ಅದು ಸರಿ ಕೂತ ಮೇಲೆ ಪ್ಲಾನ್, ಅಂದ್ರೆ ಮೇಲಿಂದ ನೋಡಿದ ಹಾಗೆ ಕೋಣೆಗಳ ನಕ್ಷೆ. ಕ್ಲಾಸಲ್ಲಿ ಹೆಚ್ಚಿನವರು ಬಬಲ್ ಡಯಾಗ್ರಾಮ್ (ಯಾವ ಕೋಣೆ ಯಾವುದರ ಹತ್ರ ಅಂತ ವೃತ್ತಗಳಲ್ಲಿ ತೋರಿಸುವ ಚಿತ್ರ), ಅಲ್ಲಿಂದ ಪ್ಲಾನ್, ಕೊನೆಗೆ ಮೇಲೆ ಒಂದು ಮಾಡು (ಚಾವಣಿ) ಇಡುದು ಹೀಗೆ ಹೋಗ್ತಾರೆ, ಆದ್ರೆ ನಮ್ಮ ಈ ಕರಾವಳಿಯಲ್ಲಿ ಮಾಡು ಕೊನೆಗೆ ಬಂದ್ರೆ ಆಗ್ಲಿಕ್ಕಿಲ್ಲ ಅಂತ ನಂಗೆ ಗಟ್ಟಿ ನಂಬಿಕೆ.

ಒಂದು ಸಣ್ಣ ಲೆಕ್ಕ ಹೇಳ್ತೇನೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಉಡುಪಿ ಕಡೆ ವರ್ಷಕ್ಕೆ ಹತ್ರ ಹತ್ರ 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದ್ರೆ 200 ಚದರ ಮೀಟರ್‌ನ ಒಂದು ಮಾಡಿನ ಮೇಲೆ ವರ್ಷಕ್ಕೆ 8 ಲಕ್ಷ ಲೀಟರ್ ನೀರು ಬೀಳ್ತದೆ. ಅಷ್ಟು ನೀರು ಎಲ್ಲಿ ಬೀಳ್ತದೆ, ಎಲ್ಲಿಗೆ ಹೋಗ್ತದೆ, ಗೋಡೆಗೆ ಎಷ್ಟು ಎರಚ್ತದೆ ಅನ್ನುದು ಪ್ಲಾನಲ್ಲಿ ಕಾಣುದೇ ಇಲ್ಲ.

ನಂಗೆ ಇದು ಹಿಡಿದದ್ದು ಎರಡನೇ ವರ್ಷದ, ಇರುವ ಕಟ್ಟಡ ಅಳೆದು ನಕ್ಷೆ ಬರೆಯುವ, ಮೆಶರ್ಡ್ ಡ್ರಾಯಿಂಗ್‌ನಲ್ಲಿ. ಕಾರ್ಕಳದ ಕಡೆ ಒಂದು ಹಳೇ ಚೌಕಿ ಮನೆ ಸಿಕ್ಕಿತ್ತು, ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ನಡುವೆ ಅಂಗಳ. ಅಳತೆ ಹಿಡಿಯುದ್ರಲ್ಲಿ ಎರಡು ಮೂರು ವಿಷಯ ಮುಖ್ಯ, ಇದನ್ನ ಯಾರೂ ಮೊದಲೇ ಹೇಳಿಕೊಡುದಿಲ್ಲ. ಟೇಪಿನ ಸೊನ್ನೆಯನ್ನ ಒಂದೇ ಮೂಲೆಯಲ್ಲಿ ಹಿಡಿದು ಕಿಟಕಿ, ಕಂಬ, ಬಾಗಿಲು ಎಲ್ಲಾದರ ಅಳತೆ ಅಲ್ಲಿಂದಲೇ ಸಾಲಾಗಿ ಓದ್ಬೇಕು, ತುಂಡು ತುಂಡಾಗಿ ಅಳೆದು ಕೂಡಿಸಿದ್ರೆ ಪ್ರತಿ ತುಂಡಿನ ಸಣ್ಣ ವ್ಯತ್ಯಾಸ ಸೇರ್ತಾ ಹೋಗಿ ಕೊನೆಗೆ ಗೋಡೆಯ ಉದ್ದವೇ ಬೇರೆ ಆಗ್ತದೆ. ಪ್ರತಿ ಕೋಣೆಗೆ ಎರಡೂ ಕರ್ಣ ಅಳೀಬೇಕು, ಹಳೇ ಮನೆಯಲ್ಲಿ ಎಷ್ಟೋ ಕೋಣೆ ಸರಿಯಾದ ಚೌಕ ಇರುದಿಲ್ಲ. ಮತ್ತೆ ಎತ್ತರಕ್ಕೆ ನೆಲವನ್ನ ನಂಬ್ಲಿಕ್ಕೆ ಹೋಗ್ಬಾರ್ದು, ನಾವು ಮೇಸ್ತ್ರಿಯೊಬ್ರ ಹತ್ರ ಲೆವೆಲ್ ಪೈಪ್ ಕೇಳಿ ತಂದು ನೀರು ತುಂಬಿಸಿ, ಅದರ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ತದಲ್ಲ, ಅದನ್ನ ನೋಡಿ ಇಡೀ ಮನೆಗೆ ಸುತ್ತ ಒಂದು ಚಾಕ್ ಗೆರೆ ಹಾಕಿದೆವು, ಎಲ್ಲಾ ಎತ್ತರ ಆ ಗೆರೆಯಿಂದ ಮೇಲೆ ಕೆಳಗೆ.

ಆ ಮನೆಯ ಅಜ್ಜಿ ನಮ್ಗೆ ಚಾ ಕೊಟ್ಟು, "ಮಳೆಗಾಲದಲ್ಲಿ ಬನ್ನಿ ಮಕ್ಳೇ, ಈಗ ನೋಡಿದ್ರೆ ಎಂತ ಗೊತ್ತಾಗ್ತದೆ" ಅಂದ್ರು. ಜುಲೈಯಲ್ಲಿ ಹೋದೆವು. ಗಾಳಿಮಳೆ ಜೋರಾಗಿ ಬರ್ತಾ ಇರುವಾಗ ಜಗಲಿಯ ನೆಲ ಎಲ್ಲಿಯ ತನಕ ಒದ್ದೆ ಆಗಿದೆ ನೋಡಿ ಅದರ ಅಂಚಿಗೆ ಸರಿಯಾಗಿ ಚಾಕ್ ಹಾಕಿದೆ. ಕಾಲೇಜಿಗೆ ಬಂದು ಸೆಕ್ಷನ್ ಶೀಟಲ್ಲಿ ಸೂರಿನ ತುದಿಯಿಂದ ಆ ಒದ್ದೆ ಅಂಚಿಗೆ ಸ್ಕೇಲ್ ಇಟ್ಟು ಗೆರೆ ಎಳೆದ್ರೆ ಅದೇ ಮಳೆಯ ಕೋನ! ಪಡು ಬದಿಯಲ್ಲಿ ನೇರ ಕೆಳಗಿನಿಂದ ಹತ್ರ ಹತ್ರ 45 ಡಿಗ್ರಿ ಬಂತು, ಮೂಡು ಬದಿಯಲ್ಲಿ ಅದಕ್ಕಿಂತ ತುಂಬಾ ಕಡಿಮೆ, ಯಾಕಂದ್ರೆ ಮುಂಗಾರು ಗಾಳಿ ಸಮುದ್ರದ ಕಡೆಯಿಂದ ಬರುದು. 45 ಡಿಗ್ರಿ ಅಂದ್ರೆ ಲೆಕ್ಕ ಸುಲಭ, ಸೂರು ನೆಲದಿಂದ ಆರು ಅಡಿ ಎತ್ತರ ಇದ್ರೆ ಮಳೆ ಸೂರಿನ ತುದಿಯಿಂದ ಆರು ಅಡಿ ಒಳಗೆ ಬರ್ತದೆ, ಒಂಬತ್ತು ಅಡಿ ಎತ್ತರ ಮಾಡಿದ್ರೆ ಒಂಬತ್ತು ಅಡಿ. ಹಳೇ ಮನೆಗಳ ಸೂರು ಅಷ್ಟು ಕೆಳಗೆ ಯಾಕೆ ಅಂತ ಅಲ್ಲಿಗೆ ಅರ್ಥ ಆಯ್ತು. ಆ ಜಗಲಿಯಲ್ಲಿ ನಿಂತ್ರೆ ಸೂರು ಕಣ್ಣಿನ ಮಟ್ಟಕ್ಕೆ ಬಂದು ಹೊರಗಿನ ಬೆಳಕಿನ ಚುಚ್ಚು ತಡೀತದೆ, ಕೂತ್ರೆ ಅಂಗಳ, ತುಳಸಿಕಟ್ಟೆ, ಗೇಟಿನ ತನಕ ಎಲ್ಲಾ ಕಾಣ್ತದೆ, ಕೂತುಕೊಳ್ಳುವವರಿಗಾಗಿಯೇ ಮಾಡಿದ ಎತ್ತರ ಅದು.

ಬಿಸಿಲೂ ಹಾಗೆಯೇ. ನಾವಿರುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಜೂನಲ್ಲಿ ಉತ್ತರಕ್ಕೆ ಸುಮಾರು ಹತ್ತು ಡಿಗ್ರಿ ವಾಲ್ತಾನೆ, ಡಿಸೆಂಬರಲ್ಲಿ ದಕ್ಷಿಣಕ್ಕೆ ಹೋಗಿ ಮಧ್ಯಾಹ್ನವೂ 54 ಡಿಗ್ರಿ ಆಸುಪಾಸು ಎತ್ತರದಲ್ಲೇ ಇರ್ತಾನೆ. ಉತ್ತರ ದಕ್ಷಿಣ ಗೋಡೆಗೆ ಸಾಧಾರಣ ಸೂರು ಸಾಕು. ತೊಂದರೆ ಕೊಡುದು ಸಂಜೆಯ ಪಡು ಬಿಸಿಲು, ಎರಚಲೂ ಅದೇ ಪಡುವಿಂದ, ಹಾಗಾಗಿ ನನ್ನ ಯಾವ ಪ್ರಾಜೆಕ್ಟಲ್ಲೂ ಪಡು ಬದಿಯ ಸೆಕ್ಷನ್ ಮೊದಲು ಬರೀತೇನೆ.

ಆಮೇಲೆ ಎಲ್ಲಿ ಹೋದ್ರೂ ಮಾಡು ನೋಡುದೇ ಅಭ್ಯಾಸ ಆಯ್ತು. ಮೂಡಬಿದ್ರೆಯ ಸಾವಿರ ಕಂಬದ ಬಸದಿ 1430ರದ್ದು, ಕಲ್ಲಿನ ಕಟ್ಟಡ ಆದ್ರೂ ಇಳಿಜಾರು ಮಾಡು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋದ್ರೆ ಕುಂಜೂರು ಚೌಕಿ ಮನೆ ಉಂಟು, ವಿಜಯನಾಥ ಶೆಣೈ ಅವ್ರು ಇಂಥ ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು, ಮರದ ಕೆಲಸವನ್ನ ಬಿಚ್ಚಿ ಮತ್ತೆ ಜೋಡಿಸ್ಲಿಕ್ಕೆ ಆಗ್ತದೆ ಅನ್ನುದನ್ನ ಅಲ್ಲಿ ಕಣ್ಣಾರೆ ನೋಡ್ಬಹುದು, ಅಲ್ಲಿ ಕೂತು ಒಂದೊಂದು ಮೂಲೆಯ ಜೋಡಣೆ ಸ್ಕೆಚ್ ಮಾಡಿ. ಸ್ಟಡಿ ಟೂರಲ್ಲಿ ಬೆಂಗಳೂರಿನ ಐಐಎಂ ನೋಡಿದೆವು, ಆರ್ಕಿಟೆಕ್ಟ್ ಬಿ.ವಿ. ದೋಶಿಯವರ ಡಿಸೈನ್. ಪರ್ಗೋಲ (ಮೇಲೆ ಮುಚ್ಚದೆ ಬರೀ ತೊಲೆಗಳ ಸಾಲು ಇಟ್ಟ ಚಪ್ಪರ) ಹಾಕಿದ ಆ ಉದ್ದ ಕಾರಿಡಾರ್, ಕಲ್ಲಿನ ಗೋಡೆ, ಬಳ್ಳಿ, ನೆರಳು, ನಂಗೆ ತುಂಬಾ ಇಷ್ಟ ಆಯ್ತು, ಆದ್ರೆ ಬೆಂಗಳೂರಿನ ಮಳೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು, ನಮ್ಮದು ಅದರ ನಾಲ್ಕು ಪಾಲು, ಆ ಪರ್ಗೋಲ ತಂದು ಇಲ್ಲಿ ಇಟ್ರೆ ನಾಲ್ಕು ತಿಂಗಳು ಅದರ ಅಡಿ ನಡೀಲಿಕ್ಕೆ ಆಗುದಿಲ್ಲ. ದೋಶಿಯವರಿಂದ ತಗೊಳ್ಳಬೇಕಾದದ್ದು ನಡೆಯುವ ದಾರಿಗೆ ಕೊಟ್ಟ ಅಗಲ, ತಿರುವಿನಲ್ಲಿ ಕೂರ್ಲಿಕ್ಕೆ ಬಿಟ್ಟ ಜಾಗ, ಅಂಥದ್ದು.

ಮೂರನೇ ವರ್ಷದ ಮೀನು ಮಾರ್ಕೆಟ್ ನನ್ನ ಪ್ರೀತಿಯ ಪ್ರಾಜೆಕ್ಟ್. ಮಲ್ಪೆ ಮತ್ತೆ ಮಂಗಳೂರಿನ ಬಂದರಿಗೆ ಬೆಳಿಗ್ಗೆ ಬೇಗ ಹೋಗಿ ಮಾರುವ ಅಕ್ಕಂದಿರ ಪಕ್ಕದಲ್ಲಿ ಕೂತು ನೋಡಿದೆ, ಟೇಪ್ ಆಮೇಲೆ ತೆಗೆದೆ. ಮಾತೆಲ್ಲಾ ತುಳುವಿನಲ್ಲೇ. ಮೆಟ್ಟುಕತ್ತಿ ಕಾಲಡಿ ಒತ್ತಿ ಹಿಡಿದು ಬಂಗುಡೆ ಕ್ಲೀನ್ ಮಾಡುವಾಗ ಮೊಣಕಾಲು ಎಷ್ಟು ಹೊರಗೆ ಬರ್ತದೆ, ಐಸ್ ಬಾಕ್ಸ್ ಯಾವ ಕೈಗೆ ಬೇಕು, ಗಲೀಜು ನೀರು ಯಾವ ಕಡೆ ಚೆಲ್ತಾರೆ, ಇದೆಲ್ಲಾ ಬರ್ಕೊಂಡೆ. ಒಬ್ರು ಅಕ್ಕ ಹೇಳಿದ ಮಾತಿನಿಂದ ಇಡೀ ಡಿಸೈನ್ ತಿರುಗಿತು, "ಒಳಗಿನ ಸಾಲಲ್ಲಿ ಕೂತ್ರೆ ಗಿರಾಕಿ ಬರುದಿಲ್ಲ ಮಗಾ, ಎಲ್ರಿಗೂ ಎದುರಿನ ಜಾಗವೇ ಬೇಕು."

ಈಗ ಸೆಕ್ಷನ್ ನೋಡಿ. ತಲೆ ಮೇಲೆ ಬುಟ್ಟಿ ಹೊತ್ತು ಬರುವವರಿಗೆ ಸೂರು ಕಡಿಮೆ ಅಂದ್ರೂ ಎಂಟು ಅಡಿ ಬೇಕು, ಹಾಗಾದ್ರೆ ಪಡು ಬದಿಯಲ್ಲಿ ಮಳೆ ಎಂಟು ಅಡಿ ಒಳಗೆ ಬರ್ತದೆ. ಆ ಎಂಟು ಅಡಿಯನ್ನ ಮಾರಾಟಕ್ಕೆ ಕೊಡ್ಲೇ ಇಲ್ಲ, ಅದನ್ನ ಮೀನು ಇಳಿಸುವ ದಾರಿ ಮಾಡಿದೆ, ಅಲ್ಲಿ ಒದ್ದೆ ಆದ್ರೆ ನಷ್ಟ ಇಲ್ಲ. ಅದರ ಒಳಬದಿಗೆ ಒಂದೇ ಸಾಲು ಕಟ್ಟೆ, ಕಟ್ಟೆಯ ಎದುರು ಮೂಡು ಬದಿಗೆ ಗಿರಾಕಿ ನಡೆಯುವ ಜಗಲಿ. ಎಲ್ಲಾ ಅಕ್ಕಂದಿರಿಗೂ ಎದುರಿನ ಜಾಗ ಸಿಕ್ತು, ಬಿಲ್ಡಿಂಗ್ ರೈಲು ಬೋಗಿ ಹಾಗೆ ಉದ್ದಕ್ಕೆ ಸಪೂರ ಆಯ್ತು, ಅಡ್ಡಗಾಳಿ ತಾನಾಗಿ ಬಂತು. ಪ್ಲಾನ್ ನಾನು ಬರೆದದ್ದು ಅನ್ನುದಕ್ಕಿಂತ ಸೆಕ್ಷನ್ ಬರೆಸಿದ್ದು. ಕಟ್ಟೆ ಒಂದೂವರೆ ಅಡಿ ಎತ್ತರ, ನೆಲಕ್ಕೆ 60ಕ್ಕೆ 1ರ ಇಳಿಜಾರು, ಅಂದ್ರೆ 20 ಅಡಿಗೆ ನಾಲ್ಕು ಇಂಚು, ಇಳಿಜಾರು ಗಿರಾಕಿಯ ಕಾಲಿನ ಕಡೆ ಅಲ್ಲ, ಹಿಂದಿನ ದಾರಿಯ ಚರಂಡಿಗೆ. ಜೂನ್ ಒಂದರಿಂದ ಜುಲೈ ಕೊನೆ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರ್ತದಲ್ಲ, ಆಗ ಹಸಿ ಮೀನು ಕಡಿಮೆ, ಒಣಮೀನು ಜಾಸ್ತಿ, ಹಾಗಾಗಿ ಒಂದು ತುದಿಯಲ್ಲಿ ಗಾಳಿ ಆಡುವ ಅಟ್ಟ ಕೊಟ್ಟೆ ಒಣಮೀನು ಇಡ್ಲಿಕ್ಕೆ. ಜ್ಯೂರಿಯಲ್ಲಿ, ಅಂದ್ರೆ ಪರೀಕ್ಷಕರ ಎದುರು, ಶೀಟ್ ಪಿನ್ ಮಾಡುವಾಗ 1:20ರ (ನಿಜದ ಅಳತೆಯ ಇಪ್ಪತ್ತರಲ್ಲಿ ಒಂದು ಪಾಲು) ಸೆಕ್ಷನ್ ಮಧ್ಯದಲ್ಲಿ ಹಾಕಿದೆ, ಮಳೆಯ ಗೆರೆ ನೀಲಿ ಪೆನ್ಸಿಲಲ್ಲಿ. ಚರ್ಚೆ ಎಲ್ಲಾ ಅದರ ಮೇಲೆಯೇ ನಡೀತು.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ. ಸೆಕ್ಷನ್ ಕೈಯಲ್ಲಿ ಬಟರ್ ಪೇಪರ್ ಮೇಲೆ, ಒಂದರ ಮೇಲೊಂದು ಇಟ್ಟು ತಿದ್ದುದು, ಆಮೇಲೆ ಮೌಂಟ್ ಬೋರ್ಡಲ್ಲಿ ಬರೀ ಒಂದು ಅಂಕಣದ (ಕಂಬಗಳ ನಡುವಿನ ಒಂದು ಭಾಗದ) ಮಾಡೆಲ್, ಅದು ಒಪ್ಪಿಗೆ ಆದ ಮೇಲೆ ಆಟೋಕ್ಯಾಡ್, ಸ್ಕೆಚ್‌ಅಪ್. ಮತ್ತೆ ಡ್ರಾಯಿಂಗನ್ನ ಸರ್‌ಗೆ ತೋರಿಸುವ ಮೊದಲು ನಮ್ಮ ಊರಿನ ಆಚಾರಿಯವ್ರಿಗೆ ತೋರಿಸ್ತೇನೆ, ಪಕ್ಕಾಸು (ಮಾಡಿನ ಇಳಿಜಾರಿನ ಮರ) ಎಲ್ಲಿ ಕೂತ್ಕೊಳ್ತದೆ, ಹಂಚು ಕೂರುವ ರೀಪಿನ (ಅಡ್ಡಪಟ್ಟಿಯ) ಅಂತರ ಹಂಚಿಗೆ ಸರಿ ಉಂಟಾ ಅಂತ ಅವ್ರು ಬೆರಳಿಟ್ಟು ಕೇಳ್ತಾರೆ, ಉತ್ತರ ಇಲ್ಲದಿದ್ರೆ ಆ ಜಾಗದಲ್ಲಿ ಡ್ರಾಯಿಂಗ್ ಇನ್ನೂ ಮುಗಿದಿಲ್ಲ ಅಂತ ಲೆಕ್ಕ.

ಈಗಿನ ಥೀಸಿಸ್ ಮಂಗಳೂರಿನ ನದಿ ದಂಡೆಯ ಒಂದು ನಿಂತುಹೋದ ಹಂಚಿನ ಕಾರ್ಖಾನೆ. ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಉದ್ಯಮ, ಹೊಳೆಯ ಜೇಡಿಮಣ್ಣು ದೋಣಿಯಲ್ಲಿ ಬರ್ತಿತ್ತು, ಅದಕ್ಕೇ ನೇತ್ರಾವತಿ, ಗುರುಪುರ ಹೊಳೆ ಬದಿಯಲ್ಲೇ ಈ ಕಾರ್ಖಾನೆಗಳು ಬೆಳೆದದ್ದು. ಅದರ ಶೆಡ್‌ಗಳನ್ನ ಉಳಿಸ್ಕೊಂಡು ಮರಗೆಲಸ, ಕಲ್ಲುಕೆಲಸ ಕಲಿಸುವ ಶಾಲೆ ಮಾಡುದು ನನ್ನ ಪ್ರಸ್ತಾಪ. ಸದ್ಯ ತಲೆ ತಿನ್ನುದು ಎರಡು ಶೆಡ್ಡಿನ ಮಾಡು ಸೇರುವ ಕಡೆಯ ದಂಬೆ, ಅಂದ್ರೆ ಮಳೆನೀರು ಹರಿದುಹೋಗುವ ಕಾಲುವೆ. ಎರಡೂ ಬದಿಯಿಂದ ಸೇರಿ 300 ಚದರ ಮೀಟರ್ ಮಾಡಿನ ನೀರು ಅದಕ್ಕೇ ಬೀಳುದು, ಗಂಟೆಗೆ 100 ಮಿಲಿಮೀಟರ್ ಹಾಗೆ ಮಳೆ ಹೊಯ್ದ್ರೆ 30,000 ಲೀಟರ್, ಸೆಕೆಂಡಿಗೆ ಎಂಟು ಲೀಟರಿಗಿಂತ ಜಾಸ್ತಿ. ಬರೀ ನೀರಿಗಾದ್ರೆ ಒಂದಡಿ ಅಗಲ ಸಾಕಾಗ್ಬಹುದು, ಆದ್ರೆ ಪಕ್ಕದ ಮರದ ಎಲೆ ಬಿದ್ದು ಕಟ್ಟಿಕೊಂಡ್ರೆ ನೀರು ನೇರ ಮರದ ತೊಲೆಗೆ ಇಳೀತದೆ, ಹಾಗಾಗಿ ಒಬ್ಬ ಮನುಷ್ಯ ಅದರೊಳಗೆ ಇಳಿದು ನಡೆದುಕೊಂಡೇ ಕಸ ತೆಗೀಲಿಕ್ಕೆ ಆಗುವ ಹಾಗೆ ಎರಡು ಅಡಿ ಇಟ್ಟು ಸೆಕ್ಷನ್ ಮತ್ತೆ ಬರೀತಾ ಇದ್ದೇನೆ. ಹಳೇ ಶೆಡ್ಡುಗಳ ದಂಬೆ ಕೆಲಸ ಮಾಡಿದವರು ಯಾರಾದ್ರೂ ಇದನ್ನ ಓದ್ತಾ ಇದ್ರೆ, ಅದಕ್ಕೆ ಎಷ್ಟು ಇಳಿಜಾರು ಕೊಟ್ರಿ, ಎಷ್ಟು ಅಡಿಗೆ ಒಂದು ಪೈಪ್ ಇಳಿಸಿದ್ರಿ ಅಂತ ದಯವಿಟ್ಟು ತಿಳಿಸಿ.