ಕಾರಿನ ಗಾಜು ಏಳ್ತಿಲ್ವಾ? ಮೊದಲು ಕಿವಿಗೊಡಿ

ಒಂದು ಜುಲೈ ಸಂಜೆ ಆಗುಂಬೆ ಘಾಟಿ ಇಳಿಯುವಾಗ ನಮ್ಮ ಹಳೇ ಕಾರಿನ ಎಡಗಡೆ ಗಾಜು ಅರ್ಧಕ್ಕೇ ನಿಂತುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಅಮ್ಮ ಸೋಮೇಶ್ವರದವರೆಗೂ ಟವೆಲ್ ಅಡ್ಡ ಹಿಡಿದುಕೊಂಡೇ ಬಂದರು. ಮಾರನೇ ದಿನ ಗ್ಯಾರೇಜಿನವರು ‘ಮೋಟರ್ ಹೋಗಿದೆ’ ಅಂದರು. ಹೊಸದು ಹಾಕಿಸಿದೆ. ಎರಡೇ ವಾರ, ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಬಾಗಿಲ ಕೀಲಿನ ಹತ್ತಿರ ಒಂದು ವೈರ್ ತುಂಡಾಗಿತ್ತು. ಅವತ್ತಿನಿಂದ ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ: ಮೋಟರ್ ಮೇಲೆ ಅನುಮಾನ ಪಡುವುದು ಎಲ್ಲಕ್ಕಿಂತ ಕೊನೆಗೆ.

ದಾರಿಯಲ್ಲೇ ಕೈಕೊಟ್ಟರೆ ಒಂದು ಉಪಾಯವಿದೆ. ಇಗ್ನಿಷನ್ ಆನ್ ಇರಲಿ. ಒಬ್ಬರು ಸ್ವಿಚ್ ಎತ್ತಿ ಹಿಡಿಯಲಿ, ಇನ್ನೊಬ್ಬರು ಗಾಜಿನ ಎರಡೂ ಬದಿಗೆ ಅಂಗೈ ಒತ್ತಿ ನಿಧಾನವಾಗಿ ಮೇಲಕ್ಕೆ ಎಳೆಯಲಿ. ಬೆರಳು ಮಾತ್ರ ಗಾಜಿನ ಅಂಚಿನಲ್ಲಿ ಇರಬಾರದು. ಬಹಳ ಸಲ ಇಷ್ಟಕ್ಕೇ ಏಳುತ್ತದೆ. ಎದ್ದ ಮೇಲೆ ಮನೆ ಸೇರುವ ತನಕ ಆ ಸ್ವಿಚ್ ಮುಟ್ಟಬೇಡಿ.

ಮನೆಗೆ ಬಂದ ಮೇಲೆ ಮೊದಲು ಸುಲಭದ್ದನ್ನು ನೋಡಿ. ಚಾಲಕರ ಬಾಗಿಲಲ್ಲಿ ವಿಂಡೋ ಲಾಕ್ ಬಟನ್ ಇರುತ್ತದೆ. ಮಕ್ಕಳು ಆಟವಾಡದಿರಲಿ ಅಂತ ಕೊಟ್ಟಿರುವುದು. ಅದು ಒತ್ತಿಕೊಂಡಿದ್ದರೆ ಬೇರೆ ಬಾಗಿಲಿನ ಸ್ವಿಚ್‌ಗಳು ಕೆಲಸ ಮಾಡುವುದಿಲ್ಲ. ನಾಲ್ಕೂ ಗಾಜು ಒಟ್ಟಿಗೇ ನಿಂತಿವೆಯಾ? ಹಾಗಿದ್ದರೆ ಬಾಗಿಲು ಬಿಚ್ಚುವ ಮೊದಲು ಫ್ಯೂಸ್ ಬಾಕ್ಸ್ ನೋಡಿ. ಸಾಮಾನ್ಯವಾಗಿ ಇದಕ್ಕೆ 20 ಅಥವಾ 30 ಆಂಪಿಯರ್ ಫ್ಯೂಸ್ ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದನ್ನೇ ಹಾಕಿ, ಜಾಸ್ತಿಯದ್ದು ಬೇಡ. ತಂತಿ ಸುತ್ತಿ ‘ಅಡ್ಜಸ್ಟ್’ ಮಾಡಿದರೆ ವೈರಿಂಗಿಗೇ ಬೆಂಕಿ ಹತ್ತಬಹುದು. ಹೊಸ ಫ್ಯೂಸೂ ಕೂಡಲೇ ಸುಟ್ಟಿತು ಅಂದರೆ ಎಲ್ಲೋ ಶಾರ್ಟ್ ಆಗಿದೆ. ಆಗ ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದೇ ಸರಿ.

ನಿಂತಿರುವುದು ಒಂದೇ ಗಾಜಾದರೆ ಎರಡೂ ಕಡೆಯಿಂದ ಒತ್ತಿ ನೋಡಿ, ಚಾಲಕರ ಸ್ವಿಚ್‌ನಿಂದ ಒಮ್ಮೆ, ಆ ಬಾಗಿಲಿನದ್ದರಿಂದ ಒಮ್ಮೆ. ಒಂದರಿಂದ ಏಳುತ್ತದೆ, ಇನ್ನೊಂದರಿಂದ ಇಲ್ಲ ಅಂದರೆ ಬಹುಮಟ್ಟಿಗೆ ಕೆಟ್ಟಿರುವುದು ಏಳಿಸದ ಆ ಸ್ವಿಚ್. ಎರಡರಿಂದಲೂ ಇಲ್ಲವಾ? ಈಗ ರೇಡಿಯೊ, ಫ್ಯಾನ್ ಎಲ್ಲ ಆಫ್ ಮಾಡಿ, ಬಾಗಿಲಿಗೆ ಕಿವಿ ಹತ್ತಿರ ಇಟ್ಟು ಮತ್ತೊಮ್ಮೆ ಒತ್ತಿ.

‘ಗುಂಯ್’ ಅಂತ ಮೋಟರ್ ತಿರುಗುತ್ತಿದೆ, ಗಾಜು ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ತೊಂದರೆ ರೆಗ್ಯುಲೇಟರಿನದ್ದು. ಗಾಜನ್ನು ಹೊತ್ತು ಏರಿಸಿ ಇಳಿಸುವ ಯಂತ್ರ ಅದು. ಅದರೊಳಗಿನ ಕೇಬಲ್ ಕಿತ್ತಿರುತ್ತದೆ, ಇಲ್ಲವೇ ಪ್ಲಾಸ್ಟಿಕ್ ತುಂಡು ಮುರಿದಿರುತ್ತದೆ. ‘ಕರಕರ’ ಸದ್ದು, ಗಾಜು ಓರೆ, ಇದೂ ಅದೇ ಜಾತಿ. ಇಂಥದ್ದಕ್ಕೆ ರೆಗ್ಯುಲೇಟರ್ ಬದಲಿಸಿದರೆ ಸಾಕು, ಹಳೇ ಮೋಟರನ್ನು ಎಷ್ಟೋ ಕಾರುಗಳಲ್ಲಿ ಹಾಗೇ ಉಳಿಸಿಕೊಳ್ಳಬಹುದು. ಬೆಂಗಳೂರಿನಲ್ಲಿರುವವರು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ರೆಗ್ಯುಲೇಟರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಎಡ, ಬಲ, ಹಿಂದೆ, ಮುಂದೆ ಎಲ್ಲವೂ ಬೇರೆ ಬೇರೆ.

ಗಾಜು ಏಳುತ್ತದೆ, ಆದರೆ ತೆವಳಿಕೊಂಡು ಏಳುತ್ತದೆ ಅಂದರೆ ಬಹಳ ಸಲ ಗಾಜು ಜಾರುವ ರಬ್ಬರ್ ಬೀಡಿಂಗಿನಲ್ಲಿ ಧೂಳು ಕೂತಿರುತ್ತದೆ. ನಮ್ಮ ಬೇಸಿಗೆಯ ಕೆಂಪು ಧೂಳು ಗೊತ್ತಲ್ವಾ? ಗಾಜು ಪೂರ್ತಿ ಇಳಿಸಿ, ಪ್ಲಾಸ್ಟಿಕ್ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ಆ ಸಂದಿಯನ್ನು ಉಜ್ಜಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್, ಗ್ರೀಸ್ ಬೇಡವೇ ಬೇಡ. ರಬ್ಬರ್ ಉಬ್ಬುತ್ತದೆ, ಧೂಳು ಇನ್ನಷ್ಟು ಅಂಟುತ್ತದೆ.

ಸದ್ದೇ ಇಲ್ಲವಾ? ನನಗೆ ತುಂಬ ಇಷ್ಟವಾದ ಪರೀಕ್ಷೆ ಈಗ ಬರುತ್ತದೆ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕತ್ತಲಾದ ಮೇಲೆ ಎಂಜಿನ್ ಆಫ್ ಮಾಡಿ, ಇಗ್ನಿಷನ್ ಆನ್ ಇಟ್ಟು, ಒಳಗಿನ ಲೈಟ್ ಹಾಕಿ. ಸ್ವಿಚ್ ಒತ್ತಿದಾಗ ಲೈಟ್ ಸ್ವಲ್ಪ ಮಂಕಾದರೆ ಮೋಟರಿಗೆ ಕರೆಂಟ್ ಹೋಗುತ್ತಿದೆ, ಏನೋ ಸಿಕ್ಕಿಕೊಂಡಿದೆ. ಮಂಕಾಗದಿದ್ದರೆ ಕರೆಂಟ್ ಮೋಟರಿನ ಮೂಲಕ ಹರಿಯದೇ ಇರಬಹುದು. ಹಾಗಂತ ಸುಮ್ನೆ ಒತ್ತುತ್ತಲೇ ಇರಬೇಡಿ. ಬಿಸಿಯಾದರೆ ತಾನಾಗಿ ನಿಲ್ಲುವ ಏರ್ಪಾಡು ಎಷ್ಟೋ ಮೋಟರುಗಳಲ್ಲಿದೆ. ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ನೋಡಿ.

ಕರೆಂಟ್ ಹರಿಯುತ್ತಿಲ್ಲ ಅನಿಸಿದರೆ ಬಾಗಿಲು ಪೂರ್ತಿ ತೆರೆಯಿರಿ. ಬಾಗಿಲಿಗೂ ಬಾಡಿಗೂ ನಡುವೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಕಾಣುತ್ತದೆ, ವೈರುಗಳು ಅದರೊಳಗೆ. ಬಾಗಿಲು ತೆಗೆದು ಹಾಕಿ ವರ್ಷಾನುಗಟ್ಟಲೆ ಮಡಚಿ ಮಡಚಿ ಅವು ತುಂಡಾಗುತ್ತವೆ. ಒಬ್ಬರು ಸ್ವಿಚ್ ಒತ್ತಿ ಹಿಡಿದಿರಲಿ, ನೀವು ಆ ಕೊಳವೆಯನ್ನು ಮೆಲ್ಲಗೆ ಅಲ್ಲಾಡಿಸಿ. ಗಾಜು ಒಮ್ಮೆ ಮಿಸುಕಿತು ಅಂದರೆ ಕಳ್ಳ ಸಿಕ್ಕ. ತುಂಡಾದ ವೈರನ್ನು ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಏರಿಸಬೇಕು. ಬೆಸುಗೆ ಮತ್ತೆ ಮಡಚುವ ಜಾಗಕ್ಕೇ ಬಾರದಂತೆ ಹೊಸ ವೈರ್ ತುಂಡು ಸೇರಿಸಿ. ಬರೀ ಟೇಪ್ ಸುತ್ತಿದರೆ ಒಂದು ಮಳೆಗಾಲವೂ ತಡೆಯದು.

ಇಲ್ಲೂ ಸಿಗದಿದ್ದರೆ ಬಾಗಿಲಿನ ಒಳಗಿನ ಪ್ಯಾನೆಲ್ ಬಿಚ್ಚಲೇಬೇಕು. ಬ್ಯಾಟರಿಯ ನೆಗೆಟಿವ್ ಕಳಚಿ. ಗಾಜನ್ನು ಚೌಕಟ್ಟಿಗೆ ಅಗಲವಾದ ಟೇಪಿನಿಂದ ಬಿಗಿದುಬಿಡಿ, ಇಲ್ಲದಿದ್ದರೆ ಅದು ದಡಕ್ಕನೆ ಕೆಳಗೆ ಬೀಳಬಹುದು. ಹಿಡಿಕೆಯ ಹಿಂದೆ, ಕೈ ಇಡುವ ಜಾಗದ ಕೆಳಗೆ ಸ್ಕ್ರೂಗಳು ಅಡಗಿರುತ್ತವೆ. ಅವನ್ನು ಬಿಚ್ಚಿ, ಅಂಚಿನ ಕ್ಲಿಪ್‌ಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದಾಗಿ ಎಬ್ಬಿಸಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿ. ಮೋಟರಿನ ಕನೆಕ್ಟರ್ ಕಳಚಿ, ಬ್ಯಾಟರಿ ಮತ್ತೆ ಜೋಡಿಸಿ, ಸ್ವಿಚ್ ಒತ್ತಿ, ವೈರಿನ ಕಡೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಎರಡೇ ವೈರ್ ಇರುವ ಮೋಟರಾದರೆ ಸುಮಾರು 12 ವೋಲ್ಟ್ ತೋರಿಸಬೇಕು. ಏರಿಸುವಾಗ ಒಂದು ದಿಕ್ಕು, ಇಳಿಸುವಾಗ ಅದರ ಉಲ್ಟಾ. ವೋಲ್ಟ್ ಸರಿಯಿದ್ದು, ಕನೆಕ್ಟರ್ ಹಾಕಿದ ಮೇಲೂ ಮೋಟರ್ ತಿರುಗದಿದ್ದರೆ ಆಗ ಮಾತ್ರ ಮೋಟರ್ ಬದಲಿಸಿ. ವೈರ್ ಜಾಸ್ತಿ ಇರುವ ಹೊಸ ಮಾದರಿಗಳಿಗೆ ಈ ಪರೀಕ್ಷೆ ಸಾಲದು, ಅವಕ್ಕೆ ಕಾರಿನ ಕಂಪ್ಯೂಟರಿನ ದೋಷ ಓದುವ ಸ್ಕ್ಯಾನರ್ ಬೇಕಾಗಬಹುದು. ಕತ್ತರಿಯಾಕಾರದ ರೆಗ್ಯುಲೇಟರ್ ಇದ್ದರೆ ಮೋಟರನ್ನು ಹಾಗೇ ಕಳಚಬೇಡಿ. ಅದರ ಸ್ಪ್ರಿಂಗ್ ಬಿಚ್ಚಿಕೊಂಡರೆ ಬೆರಳೇ ಹೋದೀತು. ಆ ಕೆಲಸ ಪಳಗಿದವರಿಗೇ ಇರಲಿ.

ಮುಚ್ಚುವ ಮುನ್ನ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಅಂಟಿಸಿ. ಒಂದೇ ಒತ್ತಿಗೆ ಪೂರ್ತಿ ಏರುವ ಗಾಜಾದರೆ ಬ್ಯಾಟರಿ ಕಳಚಿದ ಮೇಲೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅದು ಮರೆತಿರಬಹುದು. ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಮತ್ತೆ ಕಲಿಸಬೇಕು. ಎಷ್ಟೋ ಕಾರುಗಳಲ್ಲಿ ಗಾಜು ಮೇಲೆ ಮುಟ್ಟಿದ ನಂತರವೂ ಸ್ವಿಚ್ಚನ್ನು ಕೆಲವು ಸೆಕೆಂಡ್ ಎತ್ತಿ ಹಿಡಿದರೆ ಸಾಕು. ಕೊನೆಗೆ ಗಾಜಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಬಾಗಿಲಿನ ಕೆಳಗಿನ ತೂತುಗಳಿಂದ ನೀರು ಹೊರಗೆ ಹರಿಯಬೇಕು, ಒಳಗಿನ ಮ್ಯಾಟ್ ಒಣಗಿರಬೇಕು.