ಹೆಸರಿಗಾಗಿ ಮೂರು ವಾರ ಹುಡುಕಿದೆ

ಮನೆಯಲ್ಲೇ ಮಾಡಿದ ಕೋರಿ ಗಸಿ ಮಸಾಲೆ ಪುಡಿ, ಮಿಡಿ ಉಪ್ಪಿನಕಾಯಿಯನ್ನು ಮಂಗಳೂರಿನ ಅಂಗಡಿಗಳಿಗೆ ಕೊಡಲು ಶುರು ಮಾಡಿದಾಗ ಹೆಸರಿನ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಚಂದ ಕಂಡದ್ದನ್ನು ಇಟ್ಟು 2,000 ಸ್ಟಿಕರ್ ಅಚ್ಚು ಹಾಕಿಸಿದೆ. ಮೂರೇ ತಿಂಗಳಲ್ಲಿ ವಕೀಲರ ನೋಟಿಸ್ ಬಂತು. ಅದು ಬೇರೆಯವರ ಟ್ರೇಡ್‌ಮಾರ್ಕ್. ಡಬ್ಬಿಗಳಿಂದ ಸ್ಟಿಕರ್ ಕೆರೆದು ತೆಗೆದ ಆ ಎರಡು ರಾತ್ರಿಗಳನ್ನು ಮರೆಯಲು ಆಗುವುದಿಲ್ಲ.

ಎರಡನೇ ಸಲ ಹುಡುಕಾಟಕ್ಕೇ ಮೂರು ವಾರ ಕೊಟ್ಟೆ. ಮನೆಯವರು ಹೇಳಿದ 'ಮಂಗಳೂರು ಮಸಾಲೆ'ಯನ್ನು ಮೊದಲೇ ಬಿಟ್ಟೆ. ಬರೀ ಊರಿನ ಹೆಸರು, ಸಾಮಾನಿನ ಹೆಸರು ಸೇರಿಸಿದರೆ ಅದು ನಮ್ಮೊಬ್ಬರದ್ದು ಅನ್ನಲು ಆಗುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ನನ್ನ ಮನಸ್ಸಲ್ಲಿದ್ದದ್ದು 'ತುಡರ್'. ತುಳುವಿನಲ್ಲಿ ದೀಪ ಅಂತ ಅರ್ಥ.

ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ವೆಬ್‌ಸೈಟ್ ಐಪಿ ಇಂಡಿಯಾದಲ್ಲಿ ಹುಡುಕುವುದಕ್ಕೆ ದುಡ್ಡಿಲ್ಲ. ಅಲ್ಲಿ ಸರಕು, ಸೇವೆ ಎಲ್ಲ ಸೇರಿ 45 ಕ್ಲಾಸ್, ಅಂದರೆ ವಿಭಾಗ. ಮಸಾಲೆ ಪುಡಿ 30ರಲ್ಲಿ, ಉಪ್ಪಿನಕಾಯಿ 29ರಲ್ಲಿ ಬರುತ್ತದೆ. ಅಂಗಡಿ ವ್ಯಾಪಾರದ 35, ಹೋಟೆಲಿನ 43 ಕೂಡ ನೋಡಿದೆ.

ನಮ್ಮ ಭಾಷೆಯ ಪದಕ್ಕೆ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ಇರುವುದಿಲ್ಲ ಅಲ್ವಾ? 'ತು'ಗೆ ಬರೀ ಟಿ ಹಾಕುವವರಿದ್ದಾರೆ, ಟಿಎಚ್ ಹಾಕುವವರೂ ಇದ್ದಾರೆ. ಒಬ್ಬರು ಯು ಬರೆದರೆ ಇನ್ನೊಬ್ಬರು ಎರಡು ಓ ಬರೆಯುತ್ತಾರೆ. ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದರೆ 14 ಸ್ಪೆಲ್ಲಿಂಗ್ ಆಯಿತು. ಒಂದೊಂದನ್ನೂ ಹಾಕಿ ನೋಡಿದೆ, ಆಮೇಲೆ ಫೊನೆಟಿಕ್, ಅಂದರೆ ಉಚ್ಚಾರ ಹೋಲುವ ಹೆಸರುಗಳ ಹುಡುಕಾಟ ಮಾಡಿದೆ. ದೀಪ, ಜ್ಯೋತಿ ಅನ್ನುವ ಅರ್ಥದ ಹೆಸರುಗಳನ್ನೂ ಬಿಡಲಿಲ್ಲ. ಲೋಗೊದಲ್ಲಿ ದೀಪ ಇತ್ತು, ಹಾಗಾಗಿ ಲೋಗೊ ಚಿತ್ರಗಳನ್ನು ವಿಂಗಡಿಸುವ ವಿಯೆನ್ನಾ ಕೋಡ್ ಹಾಕಿ ಚಿತ್ರಗಳನ್ನೂ ನೋಡಿದೆ. ಗಿರಾಕಿ ಎರಡು ಡಬ್ಬಿ ಪಕ್ಕಪಕ್ಕ ಇಟ್ಟು ಹೋಲಿಸುವುದಿಲ್ಲ. ಕಿವಿಗೆ ಬಿದ್ದದ್ದನ್ನು ನೆನಪಿಟ್ಟುಕೊಂಡು ಬಂದು ಕೇಳುತ್ತಾನೆ.

29ರಲ್ಲಿ ತೀರಾ ಹತ್ತಿರದ ಉಚ್ಚಾರದ ಒಂದು ಹೆಸರು ಸಿಕ್ಕಿತು. ಸ್ಟೇಟಸ್ 'ಅಬಾಂಡನ್ಡ್', ಅಂದರೆ ಕೈಬಿಟ್ಟ ಅರ್ಜಿ. ಬಚಾವಾದೆ ಅಂದುಕೊಂಡೆ. ಪರಿಚಯದ ವಕೀಲರು ತಡೆದರು. ಅರ್ಜಿ ಕೈಬಿಟ್ಟಿದ್ದಾರೆ ಸರಿ, ವ್ಯಾಪಾರವನ್ನೂ ಬಿಟ್ಟಿದ್ದಾರೆ ಅಂತ ಯಾರು ಹೇಳಿದ್ದು? ನೋಂದಣಿ ಇಲ್ಲದಿದ್ದರೂ ಮೊದಲಿಂದ ಬಳಸುತ್ತಾ ಹೆಸರು ಗಳಿಸಿದವರಿಗೆ ಹಕ್ಕಿರುತ್ತದೆ.

ಸರಿ, ಅಂಗಡಿ ಅಂಗಡಿ ಸುತ್ತಿದೆ. ಹಂಪನಕಟ್ಟೆ, ಕದ್ರಿ, ಸುರತ್ಕಲ್ ಎಲ್ಲೂ ಕಾಣಲಿಲ್ಲ. ಕೊನೆಗೆ ಉಡುಪಿಯ ರಥಬೀದಿ ಹತ್ತಿರದ ಒಂದು ಪುಟ್ಟ ಅಂಗಡಿಯಲ್ಲಿ, ಹಲಸಿನ ಹಪ್ಪಳದ ಕಟ್ಟುಗಳ ಹಿಂದೆ, ಅದೇ ಹೆಸರಿನ ಉಪ್ಪಿನಕಾಯಿ ಬಾಟಲಿ! ತಿರುಗಿಸಿ ನೋಡಿದೆ. ಪ್ಯಾಕ್ ಮಾಡಿದ ತಾರೀಖು ಹಿಂದಿನ ತಿಂಗಳದ್ದು. ಒಂದು ಬಾಟಲಿ ಕೊಂಡು ಮನೆಗೆ ಬಂದೆ. 'ತುಡರ್' ಅಲ್ಲಿಗೇ ಬಿಟ್ಟೆ. ತುಂಬ ಬೇಸರ ಆಯ್ತು. ಆದರೆ ಅವರು ಕಷ್ಟಪಟ್ಟು ಬೆಳೆಸಿದ ಹೆಸರಿನ ನೆರಳಲ್ಲಿ ನಾನು ಬದುಕುವುದು ಸರಿಯಲ್ಲ ಅಂತ ಅನಿಸಿತು.

ಮೂರನೇ ಹೆಸರು ನಾವೇ ಕಟ್ಟಿದ ಪದ, ಅರ್ಥವೇ ಇಲ್ಲದ್ದು. ಅದೇ ನೋಟ್‌ಬುಕ್ಕು, ಅದೇ ಅಂಗಡಿಗಳು, ಇನ್ನೊಂದು ಸುತ್ತು. ಎಲ್ಲೂ ತಾಗಲಿಲ್ಲ. ಕ್ಲಾಸಿಗೆ 4,500 ರೂಪಾಯಿಯಂತೆ ಎರಡು ಕ್ಲಾಸಿಗೆ ಆನ್‌ಲೈನಲ್ಲಿ ಅರ್ಜಿ ಹಾಕಿದೆ. ನಮ್ಮ ಕಡೆಯ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಅರ್ಜಿಯ ವಿವರ ಅವರ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಅದಕ್ಕೇ ಈ ಸಲ 200 ಸ್ಟಿಕರ್ ಮಾತ್ರ ಅಚ್ಚು ಹಾಕಿಸಿದ್ದೇನೆ.