ಮಿನ್ನೆಸೋಟಾ ಚಳಿಗೆ ಕೋಳಿನೀರಿನ ಬಕೆಟ್

ಮೈನಸ್ 20 ಡಿಗ್ರಿಯಲ್ಲೂ ನೀರು ಹೆಪ್ಪುಗಟ್ಟದೆ ಉಳಿದದ್ದು ಈ ಜೋಡಣೆಯಿಂದ: 19 ಲೀಟರಿನ ಮುಚ್ಚಳದ ಪ್ಲಾಸ್ಟಿಕ್ ಬಕೆಟ್, ಪಕ್ಕಕ್ಕೆ ಕೂರಿಸುವ 3 ನಿಪ್ಪಲ್ (ಕೋಳಿ ಕುಕ್ಕಿದಾಗ ನೀರು ಬಿಡುವ ಪುಟ್ಟ ಕವಾಟ), ಒಳಗೆ ಥರ್ಮೋಸ್ಟಾಟ್ ಇರುವ 250 ವ್ಯಾಟ್ ಡೀಐಸರ್ (ನೀರು ಹೆಪ್ಪುಗಟ್ಟದಂತೆ ಕಾಯುವ ಹೀಟರ್). ಪ್ಲಾಸ್ಟಿಕ್ಕಿಗೆ ಹೊಂದುವಂಥದ್ದನ್ನೇ, ಸುತ್ತ ತಂತಿಯ ಕವಚ ಇರುವಂಥದ್ದನ್ನೇ ಕೊಳ್ಳಿ.

ತಳಕ್ಕೆ ಹಾಕುವ ನಿಪ್ಪಲ್ ಈ ಚಳಿಗೆ ದಂಡ. ತುದಿಯಲ್ಲಿ ನಿಂತ ಹನಿಯೇ ಮೊದಲು ಗಟ್ಟಿಯಾಗಿ ಪಿನ್ನು ಸಿಕ್ಕಿಕೊಳ್ಳುತ್ತದೆ. ಒಳಗೆ ನೀರಿದ್ದರೂ ಕೋಳಿಗೆ ದಕ್ಕದು. ಪಕ್ಕದ ನಿಪ್ಪಲ್ಲಿನ ಕವಾಟ ಬಕೆಟ್ಟಿನ ಗೋಡೆಗೇ ಅಂಟಿಕೊಂಡಿದ್ದು ಒಳಗಿನ ಬಿಸಿ ತಲುಪುತ್ತದೆ. ತೂತು ತಳದಿಂದ 5 ಸೆಂ.ಮೀ. ಮೇಲಿರಲಿ, ಕಸ ಕೆಳಗೇ ಕೂರುತ್ತದೆ.

ನೀರು ಹೀಟರಿಗಿಂತ ಕೆಳಗಿಳಿಯಲು ಬಿಡಬೇಡಿ. ವೈರು ಸಾಕೆಟ್ಟಿಗಿಂತ ತಗ್ಗಿಗೆ ಬಾಗಿ ಮೇಲೇರಲಿ, ಸಾಕೆಟ್ ಜಿಎಫ್‌ಸಿಐ (ವಿದ್ಯುತ್ ಸೋರಿದರೆ ತಕ್ಷಣ ಕಡಿತಗೊಳಿಸುವಂಥದ್ದು) ಆಗಿರಲೇಬೇಕು. ಶಾಖದ ಬಲ್ಬು ಮಾತ್ರ ಬೇಡ. ಒಣಹುಲ್ಲಿನ ಗೂಡಿಗೆ ಅದರಿಂದ ಬೆಂಕಿ ತಗಲಬಹುದು.